ತುಕ್ಕು ಹಿಡಿಯದ ಜಿಎಫ್‌ಆರ್‌ಪಿ ಕಂಬಿ: ಕ್ಲೋರಿನ್ ತೊಟ್ಟಿಗೆ ಹಾಕಿಸಿದ ಮೇಲೆ ನನ್ನ ಅಭಿಪ್ರಾಯ

ಕರಾವಳಿಯ ಒಂದು ಸಣ್ಣ ಪಟ್ಟಣದ ಕುಡಿಯುವ ನೀರಿನ ಘಟಕದಲ್ಲಿ ಕ್ಲೋರಿನ್ ತೊಟ್ಟಿ, ಅಂದರೆ ನೀರಿಗೆ ಕ್ಲೋರಿನ್ ಬೆರೆಸಿ ನಿಲ್ಲಿಸುವ ತೊಟ್ಟಿ, ಕಟ್ಟಿಸಿದೆವು. ಪಕ್ಕದಲ್ಲೇ ಶುದ್ಧ ನೀರಿನ ಸಂಪು. ಎರಡಕ್ಕೂ ಟಿಎಂಟಿ ಬದಲು ಜಿಎಫ್‌ಆರ್‌ಪಿ ಕಂಬಿ ಹಾಕಿದೆವು. ಗಾಜಿನ ನಾರನ್ನು ರೆಸಿನ್‌ನಲ್ಲಿ ಅದ್ದಿ, ಅಚ್ಚಿನ ಮೂಲಕ ಎಳೆದು ಗಟ್ಟಿ ಮಾಡಿದ ರಾಡ್ ಇದು. ಕಬ್ಬಿಣವೇ ಇಲ್ಲ, ಹಾಗಾಗಿ ತುಕ್ಕಿನ ಮಾತೇ ಇಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಕಂಬಿಗೆ ಸಂಬಂಧಿಸಿದ್ದಲ್ಲ, ಅದನ್ನು ಮಾರುವ ರೀತಿಗೆ. ಕಂಪನಿ ಹೆಸರು ಹಾಕುತ್ತಿಲ್ಲ. ನಾನು ಹೇಳಬೇಕಾಗಿರುವುದು ಈ ಜಾತಿಯ ಕಂಬಿಯ ಬಗ್ಗೆ, ಯಾವ ಕಂಪನಿಯದ್ದು ತಗೊಂಡರೂ ಇದು ಅನ್ವಯಿಸುತ್ತದೆ.

ಮೊದಲು ಇದರ ಅಗತ್ಯ ಯಾಕೆ ಬಂತು ಅಂತ ಹೇಳುತ್ತೇನೆ. ಅದೇ ಆವರಣದಲ್ಲಿ ಹಳೆಯ ತೊಟ್ಟಿ ಒಂದಿತ್ತು. ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಹೊರಗಿನಿಂದ ನೋಡಿದರೆ ಬಣ್ಣ ಬಳಿದು ಚೆನ್ನಾಗಿತ್ತು. ಒಳಗೆ ಇಳಿದು ಟಾರ್ಚ್ ಹಾಕಿದರೆ ಮುಚ್ಚಳದ ಸ್ಲ್ಯಾಬಿನ ಅಡಿಭಾಗ ಪೂರ್ತಿ ಉದುರಿತ್ತು, ಕಂಬಿಗಳು ಬರಿ ಮೈಯಲ್ಲಿ ನೇತಾಡುತ್ತಿದ್ದವು, ಕೆಲವು ಕಡೆ 10 ಎಂಎಂ ಕಂಬಿ ಕೈಯಲ್ಲಿ ಹಿಡಿದರೆ ಪದರ ಪದರವಾಗಿ ಕಿತ್ತು ಬರುತ್ತಿತ್ತು. ಆ ತುಕ್ಕಿನ ಚೂರು ಬೀಳುತ್ತಿದ್ದದ್ದು ಊರಿನವರು ಕುಡಿಯುವ ನೀರಿಗೆ. ಇದನ್ನು ನೋಡಿ ಸುಮ್ನೆ ಇರುವುದು ಹೇಗೆ?

ಇಲ್ಲಿ ಒಂದು ವಿಷಯ ಗಮನಿಸಬೇಕು. ನೀರಿನಲ್ಲಿ ಯಾವಾಗಲೂ ಮುಳುಗಿರುವ ಗೋಡೆಯ ಕೆಳಭಾಗ ಅಷ್ಟು ಕೆಟ್ಟಿರಲಿಲ್ಲ. ತುಕ್ಕು ಹಿಡಿಯಲು ನೀರಿನ ಜೊತೆ ಆಮ್ಲಜನಕವೂ ಬೇಕು, ಕೆಳಗೆ ಅದು ಕಡಿಮೆ. ಕೆಡುವುದು ನೀರಿನ ಮಟ್ಟ ಏರಿ ಇಳಿಯುವ ಪಟ್ಟಿ, ಮತ್ತು ಮುಚ್ಚಳದ ಅಡಿ. ಅಲ್ಲಿ ಸದಾ ಹಬೆ, ಕ್ಲೋರಿನ್ ಗಾಳಿ, ಹನಿ. ಮೇಲಿಂದ ಕಡಲಿನ ಉಪ್ಪು ಗಾಳಿ ಬೇರೆ. ಒಳ್ಳೆ ಕಾಂಕ್ರೀಟಿನ ಒಳಗೆ ಪಿಎಚ್ 12.5ರಿಂದ 13ರ ತನಕ ಇರುತ್ತದೆ. ಆ ಕ್ಷಾರದಲ್ಲಿ ಕಬ್ಬಿಣದ ಮೇಲೆ ತೆಳ್ಳನೆಯ ಒಂದು ಪೊರೆ ಕಟ್ಟಿಕೊಂಡು ಕಾಪಾಡುತ್ತದೆ. ಕ್ಲೋರೈಡ್ ಒಳಗೆ ಇಳಿದರೆ, ಇಲ್ಲಾ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಕ್ಷಾರ ಇಳಿದರೆ, ಪೊರೆ ಹರಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಹೊರಗೆ ತಳ್ಳುತ್ತದೆ. ನಮ್ಮ ಹಳೆ ತೊಟ್ಟಿಯಲ್ಲಿ ಕವರ್, ಅಂದರೆ ಕಂಬಿಯ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ, ಅದೂ ಸರಿ ಇರಲಿಲ್ಲ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಇಂಥ ಕಡೆ 45 ಎಂಎಂ, ಇನ್ನೂ ಕಠಿಣ ಪರಿಸರವಾದರೆ 50 ಎಂಎಂ ಕವರ್ ಬೇಕು. ಮುಚ್ಚಳದ ಅಡಿಯಲ್ಲಿ ಅದರ ಅರ್ಧವೂ ಸಿಗಲಿಲ್ಲ.

ಹೊಸದಕ್ಕೆ ಏನು ಹಾಕೋಣ ಅಂತ ಯೋಚಿಸುವಾಗ ನಾಲ್ಕೈದು ದಾರಿ ಮುಂದೆ ಇದ್ದವು. ಎಪಾಕ್ಸಿ ಲೇಪನದ ಕಂಬಿ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಕಾರ್ಖಾನೆಯಿಂದ ಹಸಿರು ಬಣ್ಣದಲ್ಲಿ ಚೆಂದ ಬರುತ್ತದೆ. ಆಮೇಲೆ ಲಾರಿಯಿಂದ ಧಪ್ ಅಂತ ಎಸೆಯುತ್ತಾರೆ, ಎಳೆದಾಡುತ್ತಾರೆ, ಬೆಂಡಿಂಗ್ ಮೆಷಿನ್‌ನಲ್ಲಿ ಬಗ್ಗಿಸುತ್ತಾರೆ, ಲೇಪನ ಎಲ್ಲೆಲ್ಲಿ ಕಿತ್ತಿದೆ ಅಂತ ಯಾರೂ ನೋಡುವುದಿಲ್ಲ. ಕಿತ್ತ ಒಂದು ಚುಕ್ಕಿಯಲ್ಲೇ ತುಕ್ಕು ಶುರುವಾಗಿ ಲೇಪನದ ಕೆಳಗೆ ಹರಿಯುತ್ತದೆ. ಅಮೆರಿಕದ ಫ್ಲಾರಿಡಾ ಕೀಸ್‌ನಲ್ಲಿ 1970ರ ದಶಕದ ಕೊನೆ, 80ರ ಶುರುವಿನಲ್ಲಿ ಕಟ್ಟಿದ ಸೇತುವೆಗಳಿಗೆ ಇದೇ ಕಂಬಿ ಹಾಕಿದ್ದರು. ಲೇಪನ ಇದ್ದೂ 1986ರ ಹೊತ್ತಿಗೇ ಕಂಬಗಳಲ್ಲಿ ತುಕ್ಕು ಕಾಣಿಸಿತು. ಜೋಪಾನವಾಗಿ ಬಳಸಿದರೆ ಕೆಲಸ ಮಾಡುತ್ತದೆ, ಆದರೆ ನಮ್ಮ ಸೈಟುಗಳಲ್ಲಿ ಆ ಜೋಪಾನ ಸಿಗುತ್ತದೆ ಅಂತ ನಂಬಿ ಕೂರಲು ನಾನು ತಯಾರಿಲ್ಲ. ಸತು ಲೇಪನದ ಕಂಬಿ ಇದಕ್ಕಿಂತ ಗಟ್ಟಿ, ಪೆಟ್ಟು ತಡೆಯುತ್ತದೆ. ಆದರೆ ಅದು ತುಕ್ಕನ್ನು ಮುಂದಕ್ಕೆ ಹಾಕುತ್ತದೆ, ನಿಲ್ಲಿಸುವುದಿಲ್ಲ. ಅಂಗಡಿಯಲ್ಲಿ ಸಿಆರ್‌ಎಸ್ (ತುಕ್ಕು ತಡೆಯುವ ಉಕ್ಕು) ಅಂತ ಸಿಗುವ ಟಿಎಂಟಿಯದ್ದೂ ಹೆಚ್ಚುಕಡಿಮೆ ಅದೇ ಕಥೆ.

ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಎಲ್ಲಕ್ಕಿಂತ ಉತ್ತಮ. ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಮೆಕ್ಸಿಕೋದ ಪ್ರೊಗ್ರೆಸೊ ಎಂಬ ಊರಲ್ಲಿ 1937ರಿಂದ 1941ರ ನಡುವೆ ಕಡಲೊಳಗೆ ಉದ್ದಕ್ಕೆ ಒಂದು ಹಡಗುಕಟ್ಟೆ ಕಟ್ಟಿದರು, 304 ದರ್ಜೆಯ ಸ್ಟೇನ್‌ಲೆಸ್ ಕಂಬಿ ಹಾಕಿ. ಅದು ಇವತ್ತಿಗೂ ನಿಂತಿದೆ. ಪಕ್ಕದಲ್ಲಿ ಆಮೇಲೆ ಮಾಮೂಲಿ ಕಂಬಿಯಲ್ಲಿ ಕಟ್ಟಿದ್ದು ಸಮುದ್ರ ಪಾಲಾಗಿದೆ. ನಮ್ಮಲ್ಲೂ ಐಎಸ್ 16651 ಅಂತ ಇದಕ್ಕೆ ಮಾನದಂಡ ಇದೆ. ಬಗ್ಗಿಸಬಹುದು, ಲೆಕ್ಕ ಬದಲಾಗುವುದಿಲ್ಲ, ಕೆಲಸಗಾರರು ಹೊಸದೇನೂ ಕಲಿಯಬೇಕಿಲ್ಲ. ಬೆಲೆ ಮಾತ್ರ ಮಾಮೂಲಿ ಕಂಬಿಯ ಹಲವು ಪಟ್ಟು. ಸಣ್ಣ ಪಟ್ಟಣದ ಬಜೆಟ್‌ಗೆ ಅದು ಆಗುವ ಮಾತಲ್ಲ.

ಹೀಗೆ ಜಿಎಫ್‌ಆರ್‌ಪಿಗೆ ಬಂದೆವು. ಇದು ಪೂರ್ತಿ ಹೊಸ ಪ್ರಯೋಗವೇನೂ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಥೆಟ್‌ಫರ್ಡ್ ಮೈನ್ಸ್ ಎಂಬ ಊರಿನ ನೀರಿನ ಘಟಕದಲ್ಲಿ ಇಡೀ ಕ್ಲೋರಿನ್ ತೊಟ್ಟಿಯನ್ನೇ ಇದೇ ಕಂಬಿಯಲ್ಲಿ ಕಟ್ಟಿ ಹತ್ತು ವರ್ಷಕ್ಕೂ ಹೆಚ್ಚಾಯಿತು. ಶೆರ್‌ಬ್ರೂಕ್ ವಿಶ್ವವಿದ್ಯಾಲಯದವರು ಒಳಗೆ ಸೆನ್ಸರ್ ಇಟ್ಟು ಅದನ್ನು ಗಮನಿಸಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದ್ದಾರೆ. ನಮ್ಮಲ್ಲಿ ರಸ್ತೆ ಕೆಲಸಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 137 ಬಂದಿದೆ. ಕಂಬಿಯ ಗುಣಮಟ್ಟಕ್ಕೇ ಐಎಸ್ 18256 ಬಂದಿದೆ. ಲೆಕ್ಕಕ್ಕೆ ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐಯ 440 ಮಾರ್ಗಸೂಚಿ ಇದೆ, ಅದು 2022ರಲ್ಲಿ ಪೂರ್ಣ ಕೋಡ್ ಆಗಿಯೂ ಹೊರಬಂತು.

ಈಗ ಮಾರುವವರ ವಿಷಯ. ಮೊದಲು ಬಂದ ಮಾರಾಟಗಾರ ಹೇಳಿದ್ದು ಹೀಗೆ: "ಸರ್, ಇದು ಸ್ಟೀಲ್‌ಗಿಂತ ಎರಡು ಪಟ್ಟು ಬಲ. ನಿಮ್ಮ ಡ್ರಾಯಿಂಗ್‌ನಲ್ಲಿ 12 ಎಂಎಂ ಇದ್ದರೆ 10 ಹಾಕಿ, 10 ಇದ್ದರೆ 8 ಹಾಕಿ. ದುಡ್ಡೂ ಉಳಿಯುತ್ತದೆ." ಕೈಗೆ ಒಂದು ಪಟ್ಟಿಯನ್ನೂ ಕೊಟ್ಟ, ಯಾವ ಸೈಜಿಗೆ ಯಾವ ಸೈಜು ಅಂತ. ಇದು ತಪ್ಪು, ನೀರಿನ ತೊಟ್ಟಿಯಲ್ಲಿ ಅಪಾಯಕಾರಿ ತಪ್ಪು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಇಡೀ ಬರಹದಲ್ಲಿ ನೀವು ನೆನಪಿಡಬೇಕಾದದ್ದು ಇದೇ.

ಎಳೆದಾಗ ಹರಿಯುವ ಬಲ ನೋಡಿದರೆ ಅವನು ಹೇಳಿದ್ದು ನಿಜ. ಟಿಎಂಟಿ 500 ಮೆಗಾಪಾಸ್ಕಲ್ (ಒತ್ತಡದ ಅಳತೆ) ತಲುಪಿದಾಗ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರು ಮಾಡಿದರೆ ಒಳ್ಳೆ ಜಿಎಫ್‌ಆರ್‌ಪಿ 800, 1000 ತನಕ ಹೋಗುತ್ತದೆ. ಆದರೆ ತೊಟ್ಟಿಯಲ್ಲಿ ನಾವು ಕಂಬಿಯ ಪೂರ್ತಿ ಬಲವನ್ನು ಯಾವತ್ತೂ ಬಳಸುವುದಿಲ್ಲ, ಅಲ್ವಾ? ಬಿರುಕು ಬರಬಾರದು ಅಂತ ಕಂಬಿಯ ಮೇಲಿನ ಒತ್ತಡವನ್ನು ಬಹಳ ಕೆಳಗೆ ಇಡುತ್ತೇವೆ. ನೀರಿನ ತೊಟ್ಟಿಗಳ ಮಾನದಂಡ ಐಎಸ್ 3370ರ 2009ರ ಆವೃತ್ತಿಯಲ್ಲಿ ವರ್ಕಿಂಗ್ ಸ್ಟ್ರೆಸ್ (ಬಳಕೆಯಲ್ಲಿ ಬೀಳಬಹುದಾದ ಒತ್ತಡ) ಲೆಕ್ಕಕ್ಕೆ ಕೊಟ್ಟಿದ್ದು 130 ಮೆಗಾಪಾಸ್ಕಲ್. 500ರ ಕಂಬಿಯಲ್ಲಿ 130 ಮಾತ್ರ. ತೊಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು ಕಂಬಿ ಎಷ್ಟು ಹಿಗ್ಗುತ್ತದೆ ಎಂಬುದು. ಹಿಗ್ಗದ ಹಾಗೆ ತಡೆಯುವ ಬಿಗಿತವನ್ನು ಸ್ಥಿತಿಸ್ಥಾಪಕ ಗುಣಾಂಕ ಅಂತಾರೆ. ಸ್ಟೀಲಿನದ್ದು 200 ಗಿಗಾಪಾಸ್ಕಲ್, ಜಿಎಫ್‌ಆರ್‌ಪಿಯದು 45ರಿಂದ 60ರ ಆಸುಪಾಸು. ಅಂದರೆ ಅದೇ ಭಾರಕ್ಕೆ ಅದೇ ದಪ್ಪದ ಗಾಜಿನ ಕಂಬಿ ಸುಮಾರು ನಾಲ್ಕು ಪಟ್ಟು ಹಿಗ್ಗುತ್ತದೆ. ಸ್ಟೀಲು 130 ಮೆಗಾಪಾಸ್ಕಲ್‌ನಲ್ಲಿ ಹಿಗ್ಗುವಷ್ಟೇ ಹಿಗ್ಗಬೇಕಾದರೆ 50 ಗಿಗಾಪಾಸ್ಕಲ್‌ನ ಜಿಎಫ್‌ಆರ್‌ಪಿಯ ಮೇಲೆ 32 ಮೆಗಾಪಾಸ್ಕಲ್ ಚಿಲ್ಲರೆ ಮಾತ್ರ ಹಾಕಬಹುದು. 1000 ತಡೆಯುವ ಬಲ ಇದ್ದೂ ಏನು ಪ್ರಯೋಜನ? ಇಂಥದ್ದನ್ನು 12ರಿಂದ 10ಕ್ಕೆ ಇಳಿಸಿದರೆ ಬಿರುಕು ಅಗಲವಾಗುತ್ತದೆ, ತೊಟ್ಟಿ ಸೋರುತ್ತದೆ.

ಇದಕ್ಕೆ ಕೆಲವರು ಇನ್ನೊಂದು ಉತ್ತರ ಕೊಡುತ್ತಾರೆ. ಕಂಬಿಗೆ ತುಕ್ಕೇ ಇಲ್ಲ ಅಂದಮೇಲೆ ಬಿರುಕು ಸ್ವಲ್ಪ ಅಗಲ ಇದ್ದರೆ ಏನಂತೆ ಅಂತ. ಸೇತುವೆಯ ಡೆಕ್‌ಗೆ, ರಸ್ತೆಗೆ ಅದು ಒಪ್ಪುವ ಮಾತು. ಎಸಿಐ ಕೂಡ ಅಲ್ಲಿ 0.5 ಎಂಎಂ, 0.7 ಎಂಎಂ ತನಕ ಬಿಡುತ್ತದೆ. ತೊಟ್ಟಿಯಲ್ಲಿ ಆ ರಿಯಾಯಿತಿ ಇಲ್ಲ. ಐಎಸ್ 3370 ಹೇಳುವ 0.2 ಎಂಎಂ ಮಿತಿ ಬರಿ ತುಕ್ಕಿಗಾಗಿ ಇಟ್ಟದ್ದಲ್ಲ, ಸೋರಿಕೆಗೂ ಇಟ್ಟದ್ದು. ಅದಕ್ಕಿಂತ ಸಣ್ಣ ಬಿರುಕನ್ನು ಕಾಂಕ್ರೀಟಿನ ಸುಣ್ಣವೇ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಅಗಲವಾದದ್ದು ಮುಚ್ಚುವುದಿಲ್ಲ.

ನಮ್ಮ ಡಿಸೈನರ್ ಮಾರಾಟಗಾರನ ಪಟ್ಟಿಯನ್ನು ಪಕ್ಕಕ್ಕೆ ಇಟ್ಟು ಮೊದಲಿನಿಂದ ಲೆಕ್ಕ ಹಾಕಿದರು. ಸ್ಟೀಲಿನಲ್ಲಿ ಗೋಡೆಗೆ 12 ಎಂಎಂ ಕಂಬಿ 150 ಎಂಎಂ ಅಂತರದಲ್ಲಿ ಇತ್ತು. ಗಾಜಿನದ್ದಕ್ಕೆ 16 ಎಂಎಂ, 125 ಅಂತರ ಆಯಿತು. ಅಂದರೆ ಮೀಟರಿಗೆ 754 ಚದರ ಎಂಎಂ ಇದ್ದದ್ದು 1608 ಆಯಿತು. ಜೊತೆಗೆ ಗೋಡೆಯ ದಪ್ಪವನ್ನೂ ಹೆಚ್ಚಿಸಿದರು, ಕಾಂಕ್ರೀಟೇ ಆದಷ್ಟು ಬಿರುಕು ಬಿಡದ ಹಾಗೆ ನೋಡಿಕೊಳ್ಳಲು. ಇನ್ನೂ ಒಂದು ಕಾರಣ ಇದೆ. ತೊಟ್ಟಿ ಸದಾ ತುಂಬಿರುತ್ತದೆ, ಕಂಬಿಯ ಮೇಲೆ ವರ್ಷಗಟ್ಟಲೆ ಒಂದೇ ಭಾರ. ಗಾಜಿನ ಕಂಬಿ ಇಂಥ ಬಿಡುವಿಲ್ಲದ ಭಾರಕ್ಕೆ ಕಾಲಕ್ರಮೇಣ ಹಠಾತ್ತನೆ ಮುರಿಯಬಹುದು. ಸ್ಟೀಲಿನ ಹಾಗೆ ಮೊದಲು ಬಾಗಿ ಎಚ್ಚರಿಕೆ ಕೊಡುವುದಿಲ್ಲ. ಅದಕ್ಕೇ ಎಸಿಐ 440.1ಆರ್‌ನಲ್ಲಿ ಸದಾ ಇರುವ ಭಾರಕ್ಕೆ ಕಂಬಿಯ ಲೆಕ್ಕದ ಬಲದ ಶೇಕಡಾ 20 ಮಾತ್ರ ಬಳಸಿ ಅಂದಿದ್ದಾರೆ. ಆಕ್ಷೇಪ ಇರುವವರು ಈ ಭಾಗ ತೋರಿಸಿ ಹೆದರಿಸುತ್ತಾರೆ. ನನಗೆ ಇದರಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ಬಿರುಕಿನ ಲೆಕ್ಕಕ್ಕೆ ಸರಿಯಾಗಿ ಕಂಬಿ ಹಾಕಿದರೆ ಒತ್ತಡ ತಾನಾಗೇ ಆ ಮಿತಿಗಿಂತ ಬಹಳ ಕೆಳಗೆ ಬಂದು ಕೂರುತ್ತದೆ.

ಖರ್ಚು? ಕಂಬಿ ಜಾಸ್ತಿ, ಗೋಡೆ ದಪ್ಪ, ಹಾಗಾಗಿ ಮಾಮೂಲಿ ಟಿಎಂಟಿಗಿಂತ ದುಬಾರಿಯೇ ಆಯಿತು. ಸ್ಟೇನ್‌ಲೆಸ್‌ಗಿಂತ ಬಹಳ ಕಡಿಮೆ. "ಸ್ಟೀಲ್‌ಗಿಂತ ಅಗ್ಗ" ಅಂತ ಯಾರಾದರೂ ತೊಟ್ಟಿಗೆ ಇದನ್ನು ಮಾರಲು ಬಂದರೆ ಅವರು ಲೆಕ್ಕ ಮಾಡಿಲ್ಲ ಅಂತಲೇ ಅರ್ಥ.

ಇನ್ನು ಸೈಟಿನ ಅನುಭವ. ಹಗುರ, ತುಂಬಾ ಹಗುರ. ಅಷ್ಟೇ ದಪ್ಪದ ಸ್ಟೀಲಿನ ಕಾಲು ಭಾಗ ತೂಕ. ಹನ್ನೆರಡು ಮೀಟರ್ ಉದ್ದದ ಕಂಬಿಯ ಒಂದು ಕಟ್ಟನ್ನು ಇಬ್ಬರೇ ಹೆಗಲ ಮೇಲೆ ಹೊತ್ತು ತೊಟ್ಟಿಯೊಳಗೆ ಇಳಿಸಿದರು. ಕ್ರೇನ್ ಬೇಕಾಗಲಿಲ್ಲ, ಬಿಸಿಲಿಗೆ ಕೈ ಸುಡಲಿಲ್ಲ. ಕಂಬಿ ಕಟ್ಟುವ ಕೆಲಸ ಬೇಗ ಮುಗಿಯಿತು. ಮೇಸ್ತ್ರಿಗೆ ಮಾತ್ರ ಮೊದಲು ನಂಬಿಕೆ ಬರಲಿಲ್ಲ. "ಸರ್, ಕಬ್ಬಿಣ ಇಲ್ಲದೆ ನಿಲ್ಲುತ್ತಾ ಇದು? ನಾಳೆ ಏನಾದರೂ ಆದರೆ ನನ್ನ ಹೆಸರು ಹೇಳಬೇಡಿ" ಅಂದರು. ಅವರ ಮಾತಲ್ಲಿ ತಪ್ಪಿಲ್ಲ. ಹೊಸ ವಸ್ತು ತಂದಾಗ ಕಟ್ಟುವವರಿಗೆ ಕೂರಿಸಿ ಹೇಳುವುದು ನಮ್ಮ ಕೆಲಸ. ಅರ್ಧ ದಿನ ಅದಕ್ಕೇ ಇಟ್ಟೆವು, ಒಂದು ತುಂಡನ್ನು ಎರಡು ಕಲ್ಲಿನ ಮೇಲೆ ಇಟ್ಟು ಅವರೇ ನಿಂತು ನೋಡಿದರು.

ತೊಂದರೆಗಳೂ ಇವೆ. ದೊಡ್ಡದು ಬೆಂಡ್. ಸೈಟಿನಲ್ಲಿ ಇದನ್ನು ಬಗ್ಗಿಸಲು ಆಗುವುದೇ ಇಲ್ಲ. ಬಿಸಿ ಮಾಡಿ ಬಗ್ಗಿಸಬೇಡಿ, ರೆಸಿನ್ ಸುಟ್ಟು ಹೋಗುತ್ತದೆ, ಕಂಬಿ ಸತ್ತ ಹಾಗೆ. ತಳ ಮತ್ತು ಗೋಡೆ ಸೇರುವಲ್ಲಿನ ಎಲ್ ಆಕಾರದ ಕಂಬಿ, ಮೂಲೆಯವು, ರಿಂಗುಗಳು, ಎಲ್ಲವೂ ಕಾರ್ಖಾನೆಯಿಂದಲೇ ಅಳತೆಗೆ ಸರಿಯಾಗಿ ಬರಬೇಕು. ಬೆಂಡ್ ಇರುವ ಜಾಗದಲ್ಲಿ ಬಲ ನೇರ ಕಂಬಿಗಿಂತ ಕಡಿಮೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ನಮಗೆ ಬಂದ ಒಂದು ಲೋಡಿನಲ್ಲಿ ಎಲ್ ಕಂಬಿಯ ಒಂದು ಕಾಲು ಗಿಡ್ಡ ಇತ್ತು. ಸ್ಟೀಲ್ ಆಗಿದ್ದರೆ ಮಧ್ಯಾಹ್ನದೊಳಗೆ ಹೊಸದು ಬಗ್ಗಿಸಿ ಮುಗಿಸುತ್ತಿದ್ದರು. ಇದಕ್ಕೆ ಕಾರ್ಖಾನೆಗೆ ವಾಪಸ್ ಕಳಿಸಿ, ಹೊಸದು ಬರುವ ತನಕ ಸೆಂಟ್ರಿಂಗ್‌ನವರು ಕೈ ಕಟ್ಟಿ ಕೂತರು. ಪೂರೈಕೆದಾರರು ತಕರಾರಿಲ್ಲದೆ ಬದಲಿಸಿಕೊಟ್ಟರು, ಅದು ಒಳ್ಳೆಯದಾಯಿತು, ಆದರೆ ಮಳೆಗಾಲಕ್ಕೆ ಮುಂಚೆ ಮುಗಿಸಬೇಕಾದ ಕೆಲಸದಲ್ಲಿ ಕಳೆದ ಸಮಯ ವಾಪಸ್ ಬರಲಿಲ್ಲ.

ಎರಡನೆಯದು, ಕಾಂಕ್ರೀಟ್ ಹಾಕುವಾಗ ಇದು ಮೇಲೆ ತೇಲುತ್ತದೆ. ಕಾಂಕ್ರೀಟಿನ ಸಾಂದ್ರತೆ 2.4, ಇದರದ್ದು 2ರ ಹತ್ತಿರ. ವೈಬ್ರೇಟರ್ ಹಾಕಿದ ಕೂಡಲೇ ಸ್ಲ್ಯಾಬಿನ ಕಂಬಿ ಮೇಲೇಳಲು ನೋಡುತ್ತದೆ. ಕವರ್ ಬ್ಲಾಕ್ ಕೆಳಗಿದ್ದರೆ ಸಾಲದು, ಕೆಳಕ್ಕೆ ಎಳೆದು ಹಿಡಿಯುವ ಕಟ್ಟು ಬೇಕು. ಕಂಬಿಯನ್ನು ಎತ್ತರದಲ್ಲಿ ಹಿಡಿಯುವ ಚೇರ್‌ಗಳನ್ನು ಹತ್ತಿರ ಹತ್ತಿರ ಇಡಬೇಕು. ವೈಬ್ರೇಟರ್ ಸೂಜಿಗೆ ರಬ್ಬರ್ ಹೊದಿಕೆ ಇರಲಿ, ಬರಿ ಕಬ್ಬಿಣದ ತಲೆ ಕಂಬಿಯ ಮೈ ಕೆರೆಯುತ್ತದೆ. ಮಾಮೂಲಿ ಬೈಂಡಿಂಗ್ ವೈರ್ ಬೇಡ. ತುಕ್ಕು ಬೇಡ ಅಂತ ಇಷ್ಟೆಲ್ಲ ಮಾಡಿ ಕವರ್ ಒಳಗೆ ತಂತಿಯ ತುದಿ ಬಿಟ್ಟರೆ ಅಲ್ಲಿ ಕಂದು ಕಲೆ ಏಳುತ್ತದೆ. ನೈಲಾನ್ ಟೈ ಬಳಸಿದೆವು.

ಕತ್ತರಿಸುವುದು ಡಿಸ್ಕ್ ಕಟರ್‌ನಲ್ಲೇ. ಆಗ ಏಳುವ ಗಾಜಿನ ಪುಡಿ ವಿಪರೀತ ತುರಿಕೆ, ಉಸಿರಿಗೂ ಕೆಟ್ಟದ್ದು. ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಬಿಡಬೇಡಿ, ದಯವಿಟ್ಟು. ಇದಕ್ಕೆ ಖರ್ಚಾಗುವುದು ಎಷ್ಟು, ಏನೂ ಅಲ್ಲ. ಕಂಬಿಯನ್ನು ತಿಂಗಳುಗಟ್ಟಲೆ ಬಿಸಿಲಿಗೆ ಇಡಬೇಡಿ, ಟಾರ್ಪಾಲ್ ಮುಚ್ಚಿ.

ಪೈಪು ಹಾಯುವ ಕಡೆಗಳ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ತೊಟ್ಟಿ ಕೆಲಸಗಳಲ್ಲಿ ಪಡಲ್ ಫ್ಲಾಂಜ್ (ನೀರು ಸೋರದ ಹಾಗೆ ಪೈಪಿನ ಸುತ್ತ ಇರುವ ಬಳೆ) ಇರುವ ಪೈಪನ್ನು ಗೋಡೆಯ ಕಂಬಿಗೆ ಒಂದೆರಡು ಕಡೆ ವೆಲ್ಡಿಂಗ್ ಮಾಡಿ ನಿಲ್ಲಿಸುವುದು ರೂಢಿ. ಇಲ್ಲಿ ವೆಲ್ಡಿಂಗ್ ಸಾಧ್ಯವಿಲ್ಲ. ಪಕ್ಕದಲ್ಲಿ ಮಾಡುವ ವೆಲ್ಡಿಂಗಿನ ಕಿಡಿ ಬಿದ್ದರೂ ರೆಸಿನ್ ಹಾಳು. ಪೈಪನ್ನು ಶಟರಿಂಗ್‌ನಿಂದಲೇ ಹಿಡಿದು ನಿಲ್ಲಿಸಬೇಕು. ಮಿಂಚಿನ ಅರ್ಥಿಂಗ್‌ಗೆ ಕಂಬಿಯನ್ನೇ ನಂಬುವ ಪದ್ಧತಿಯೂ ಇಲ್ಲಿ ನಡೆಯುವುದಿಲ್ಲ, ಬೇರೆ ತಾಮ್ರದ ಪಟ್ಟಿ ಎಳೆಯಬೇಕು. ಮತ್ತೆ, ಮಾಮೂಲಿ ಕವರ್ ಮೀಟರ್ ಇದನ್ನು ಕಾಣುವುದಿಲ್ಲ. ಮುಂದೆ ಯಾರಾದರೂ ಗೋಡೆ ಕೊರೆಯಬೇಕಾದರೆ ಕಂಬಿ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಕಷ್ಟ. ನಾವು ಕಾಂಕ್ರೀಟ್ ಹಾಕುವ ಮೊದಲು ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೆದು, ಡ್ರಾಯಿಂಗ್ ಜೊತೆ ಘಟಕದ ಕಚೇರಿಯಲ್ಲೇ ಇಟ್ಟಿದ್ದೇವೆ.

ತೊಟ್ಟಿಗೆ ನೀರು ತುಂಬಿ ಪರೀಕ್ಷೆ ಮಾಡಿದಾಗ ಗೋಡೆಗಳಲ್ಲಿ ಎಲ್ಲೂ ಒದ್ದೆ ಕಾಣಲಿಲ್ಲ. ಒಂದು ಪೈಪಿನ ಸುತ್ತ ಮಾತ್ರ ಜಿನುಗಿತು, ಗ್ರೌಟ್ ಹಾಕಿದ ಮೇಲೆ ನಿಂತಿತು. ಅದಕ್ಕೂ ಕಂಬಿಗೂ ಸಂಬಂಧ ಇಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು. ಈ ಕಂಬಿ ಕಾಂಕ್ರೀಟನ್ನು ಕಾಪಾಡುವುದಿಲ್ಲ, ತನ್ನನ್ನು ಮಾತ್ರ ಕಾಪಾಡಿಕೊಳ್ಳುತ್ತದೆ. ಆಲಂ ದ್ರಾವಣದ ತೊಟ್ಟಿಯಲ್ಲಿ ಆಮ್ಲ ಕಾಂಕ್ರೀಟನ್ನೇ ತಿನ್ನುತ್ತದೆ, ಅಲ್ಲಿ ಆಮ್ಲ ತಡೆಯುವ ಟೈಲ್ಸ್ ಅಥವಾ ಲೇಪನವೇ ಬೇಕು. ಒಳಚರಂಡಿ ನೀರಿನ ಘಟಕದಲ್ಲಿ ಇನ್ನೂ ಕಷ್ಟ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನ್ನು ಬ್ಯಾಕ್ಟೀರಿಯಾ ಗಂಧಕಾಮ್ಲ ಮಾಡುತ್ತವೆ, ನೀರಿನ ಮಟ್ಟದಿಂದ ಮೇಲಿನ ಕಾಂಕ್ರೀಟ್ ಕರಗಿ ಹಿಟ್ಟಾಗುತ್ತದೆ. ಅಲ್ಲಿ ಕಂಬಿ ಯಾವುದಾದರೇನು? ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳ ನೀರು ಬಹಳ ಮೆದು, ಅದೂ ಕಾಂಕ್ರೀಟಿನ ಸುಣ್ಣವನ್ನು ಮೆಲ್ಲಗೆ ತೊಳೆದು ಒಯ್ಯುತ್ತದೆ. ಹಾಗಾಗಿ ಒಳ್ಳೆ ಕಾಂಕ್ರೀಟಿಗೆ ಬದಲಿ ಇಲ್ಲ. ಐಎಸ್ 3370 ಕನಿಷ್ಠ ಎಂ 30 ದರ್ಜೆಯ ಕಾಂಕ್ರೀಟ್ ಕೇಳುತ್ತದೆ, ನಾವು ಎಂ 35 ಹಾಕಿದೆವು, ಸಿಮೆಂಟಿನ ಒಂದು ಪಾಲು ಜಿಜಿಬಿಎಸ್. ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳ ಕಿಟ್ಟದಿಂದ ಬರುವ ಈ ಪುಡಿ ಕರ್ನಾಟಕದಲ್ಲಿ ಸುಲಭವಾಗಿ ಸಿಗುತ್ತದೆ, ಕಾಂಕ್ರೀಟನ್ನು ಬಿಗಿ ಮಾಡಿ ಕ್ಲೋರೈಡ್ ಇಳಿಯದ ಹಾಗೆ ತಡೆಯುತ್ತದೆ. ಕ್ಯೂರಿಂಗ್ ಮಾತ್ರ ಹೆಚ್ಚು ದಿನ ಬೇಕು. ನಿಜ ಹೇಳಬೇಕೆಂದರೆ ಹಳೆ ತೊಟ್ಟಿಗೆ ಇಷ್ಟು ಮತ್ತು ಸರಿಯಾದ ಕವರ್ ಸಿಕ್ಕಿದ್ದರೆ ಮಾಮೂಲಿ ಟಿಎಂಟಿ ಕೂಡ ಇನ್ನೂ ಬಹಳ ವರ್ಷ ಬಾಳುತ್ತಿತ್ತು.

ಕೊಳ್ಳುವವರಿಗೆ ನನ್ನ ಸಲಹೆ: ಪರೀಕ್ಷಾ ವರದಿ ಇಲ್ಲದೆ ಒಂದು ತುಂಡನ್ನೂ ಇಳಿಸಿಕೊಳ್ಳಬೇಡಿ. ವಿನೈಲ್ ಎಸ್ಟರ್ ರೆಸಿನ್ ಮತ್ತು ಇಸಿಆರ್ (ರಾಸಾಯನಿಕಕ್ಕೆ ಹೆಚ್ಚು ತಾಳುವ) ಗಾಜು ಇದೆಯಾ ಕೇಳಿ. ಪಾಲಿಯೆಸ್ಟರ್ ರೆಸಿನ್‌ನ ಅಗ್ಗದ ಕಂಬಿ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ, ಕಾಂಕ್ರೀಟಿನ ಕ್ಷಾರಕ್ಕೆ ಅದು ತಾಳುವುದಿಲ್ಲ, ಹೊರಗಿನಿಂದ ನೋಡಿದರೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಈ ಕಂಬಿಗೆ ಇರುವ ಅಮೆರಿಕದ ಮಾನದಂಡ ಎಎಸ್‌ಟಿಎಂ ಡಿ 7957 ಪ್ರಕಾರ ತೂಕದಲ್ಲಿ ಕನಿಷ್ಠ ಶೇಕಡಾ 70 ನಾರು ಇರಬೇಕು, ಗುಣಾಂಕ 44.8 ಗಿಗಾಪಾಸ್ಕಲ್‌ಗಿಂತ ಕಡಿಮೆ ಇರಬಾರದು, 60 ಡಿಗ್ರಿ ಬಿಸಿಯ ಕ್ಷಾರದಲ್ಲಿ 90 ದಿನ ಇಟ್ಟ ಮೇಲೂ ಬಲದ ಶೇಕಡಾ 80 ಉಳಿದಿರಬೇಕು. ಈ ಕೊನೆಯ ವರದಿ ಕೇಳಿದಾಗ ಮಾರಾಟಗಾರನ ಮುಖ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸೈಜು ಬದಲಿಸುವ ಪಟ್ಟಿ ತಂದವನ ಬಳಿ ಅದು ಇರಲಿಲ್ಲ. ನಾವು ಕೊಂಡವರ ಬಳಿ ಇತ್ತು, ಆದರೂ ಬಂದ ಲೋಡಿನಿಂದಲೇ ತುಂಡು ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆವು.

ಮನೆಯ ಸಂಪಿಗೆ ಹಾಕಬಹುದಾ ಅಂತ ಕೇಳುವವರು ಬಹಳ ಇದ್ದಾರೆ. ಬೇಡ. ಸಂಪಿಗೆ ಬೇರೆ ಡಿಸೈನ್ ಮಾಡಿಸುವವರು ಯಾರೂ ಇಲ್ಲ, ಅಂಗಡಿಯವರು ಹೇಳಿದ ಸೈಜನ್ನೇ ಹಾಕುತ್ತೀರಿ, ಅಲ್ಲಿಗೆ ಸೋರಿಕೆ ಖಾತ್ರಿ. ಟಿಎಂಟಿಯನ್ನೇ ಹಾಕಿ, ಮುಚ್ಚಳದ ಅಡಿಗೆ 45 ಎಂಎಂ ಕವರ್ ಬ್ಲಾಕ್ ನೀವೇ ಎದುರಿಗೆ ನಿಂತು ಇಡಿಸಿ, ಕಾಂಕ್ರೀಟಿಗೆ ಉಪ್ಪು ನೀರು ಬಳಸಲು ಬಿಡಬೇಡಿ. ಬೇಸಿಗೆಯಲ್ಲಿ ಕಡಲ ಹತ್ತಿರದ ಬಾವಿ ನೀರು ಉಪ್ಪಾಗುತ್ತದೆ. ಐಎಸ್ 456 ಪ್ರಕಾರ ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಒಂದು ಬಾಟಲಿ ನೀರು ಹತ್ತಿರದ ಲ್ಯಾಬಿಗೆ ಕೊಟ್ಟರೆ ಅಳೆದು ಹೇಳುತ್ತಾರೆ.